ಒಂದು ಮೊರ ಬಿಸಿಲು

ನಮ್ಮೂರಿನ ಪುರಸಭೆ ಯಾರದಾದರೂ ಏನಾದರೂ ಹಾಳು ಮಾಡಿದರೆ, ಹಾಳಾದದ್ದನ್ನೇ ತಿರುಗಿ ಕೊಡುತ್ತದೆ. ದುಡ್ಡಿನ ಮಾತೇ ಇಲ್ಲ. ನಿದ್ದೆ ಕೆಡಿಸಿದರೆ ನಿದ್ದೆ, ನೆಮ್ಮದಿ ಕೆಡಿಸಿದರೆ ನೆಮ್ಮದಿ. ಆದರೆ ನಷ್ಟ ಆನೆಯಷ್ಟಿರಲಿ ಇರುವೆಯಷ್ಟಿರಲಿ, ಕೊಡುವುದು ಹೆಚ್ಚೆಂದರೆ ಒಂದು ಮೊರದಷ್ಟು, ಅದೂ ಒಂದೇ ಸಲ. ಆ ಮೊರ ಪುರಸಭೆಯ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಅದನ್ನು ಇಳಿಸಿ, ತುಂಬಿ, 'ತುಂಬಿತು' ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗುವ ಕೆಲಸ ನನ್ನದು. ನಾನು ತುಂಬಿತು ಅಂದೆನೆಂದರೆ ಕೇಸು ಮುಗಿಯಿತು, ಮತ್ತೆ ಯಾರೂ ಕೇಳುವ ಹಾಗಿಲ್ಲ. ನನ್ನ ಹೆಸರು ವರದ. ಊರಿನವರು ಮೊರದ ವರದ ಅನ್ನುತ್ತಾರೆ. ಪ್ರಾಸ ಸಿಕ್ಕಿದರೆ ನಮ್ಮೂರಿನವರು ಬಿಡುವ ಪೈಕಿ ಅಲ್ಲ.

ಕೊಡುವುದನ್ನು ಪುರಸಭೆ ತನ್ನ ಸ್ವಂತ ದಾಸ್ತಾನಿನಿಂದಲೇ ಕೊಡಬೇಕು, ಹೊರಗಿನಿಂದ ತರುವಂತಿಲ್ಲ. ಒಮ್ಮೆ ನಮ್ಮ ಸೈರನ್ ಕೆಟ್ಟು ಹಗಲೂ ರಾತ್ರಿ ಊಳಿಟ್ಟಾಗ ಅಂಚೆಯ ಕಾಳಪ್ಪನ ನಿದ್ದೆ ಹೋಯಿತು. ನಿದ್ದೆಗೆ ನಮ್ಮಲ್ಲಿ ಬರವೇ? ಕಂದಾಯ ಶಾಖೆಯೊಂದರಿಂದಲೇ ಮೊರ ತುಂಬ ಬಾಚಿ ಕೊಟ್ಟೆ. ಕಾಳಪ್ಪ ಅದನ್ನು ಡಬ್ಬಿಯಲ್ಲಿಟ್ಟುಕೊಂಡು, ಮಲಗುವ ಮುಂಚೆ ಮಜ್ಜಿಗೆಗೆ ಒಂದು ಚಿಟಿಕೆ ಹಾಕಿಕೊಂಡು ಕುಡಿಯುತ್ತಾನೆ, ಇನ್ನೂ ಮುಗಿದಿಲ್ಲ. ಆದರೆ ನಾವು ಮುಚ್ಚಲು ಮರೆತ ಗುಂಡಿಗೆ ಇಂಗ್ಲಿಷ್ ಮೇಷ್ಟ್ರು ಮಕ್ಕಳೆದುರಿಗೇ ಬಿದ್ದು, ಮರ್ಯಾದೆ ಹೋಯಿತು ಎಂದು ಬಂದಾಗ ಕಷ್ಟಕ್ಕೆ ಬಂತು. ಕಚೇರಿಯ ಮೂಲೆಮೂಲೆ ಗುಡಿಸಿದರೂ ಮರ್ಯಾದೆ ಮೊರದ ತಳ ಮುಚ್ಚುವಷ್ಟು ಸಿಗಲಿಲ್ಲ. ಮೇಷ್ಟ್ರು ಸಿಕ್ಕಷ್ಟನ್ನೇ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು.

ಮೊರದ ತನಕ ಬರುವುದೂ ಸುಲಭವಲ್ಲ. ದಾರಿಯಲ್ಲಿ ಎರಡು ಹೊಸ್ತಿಲು ದಾಟಬೇಕು. ನಷ್ಟ ಹಸಿಯಾಗಿರುವಾಗಲೇ ಬಂದು ಹೇಳಬೇಕು. ಒಣಗಿದ ನಷ್ಟಕ್ಕೆ ಏನೂ ಇಲ್ಲ. ಅದಾದ ಮೇಲೆ, ಪುರಸಭೆ ಯೋಚಿಸಿ ಮಾಡಿದ ಕೆಲಸಕ್ಕೆ ಪರಿಹಾರವಿಲ್ಲ, ಯೋಚಿಸದೆ ಮಾಡಿದ್ದಕ್ಕೆ ಮಾತ್ರ ಉಂಟು. ಹಾಗಾಗಿ ನಮ್ಮ ಅಧ್ಯಕ್ಷ ಬೋರಲಿಂಗಯ್ಯನವರು ಯಾವ ಕೆಲಸಕ್ಕೂ ಮುಂಚೆ ಕಚೇರಿಯ ಜಗಲಿ ಮೇಲೆ ಕುರ್ಚಿ ಹಾಕಿಸಿಕೊಂಡು, ಹೋಗಿ ಬರುವವರಿಗೆಲ್ಲ ಕಾಣುವಂತೆ ಗಲ್ಲಕ್ಕೆ ಕೈ ಕೊಟ್ಟು ಯೋಚಿಸುತ್ತಾರೆ. ಊರಿಗೂ ಇದೇ ರೂಢಿಯಾಗಿಬಿಟ್ಟಿದೆ. ಹಾಲಿಗೆ ನೀರು ಬೆರೆಸಿದವನನ್ನು ಹಿಡಿದು ಕೇಳಿದರೆ "ಯೋಚ್ನೆ ಮಾಡೇ ಹಾಕ್ದೆ ಸ್ವಾಮಿ" ಅನ್ನುತ್ತಾನೆ. ಕೇಳಿದವರು ತೆಪ್ಪಗಾಗುತ್ತಾರೆ.

ಇಷ್ಟೆಲ್ಲ ಇದ್ದರೂ ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆಯೇ ಇತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಜನ ಆಡಿಕೊಂಡರೂ, ಮೊರದ ಅಂಚು ಮೀರಿ ಕೂದಲೆಳೆಯಷ್ಟನ್ನೂ ನಾನು ಯಾರಿಗೂ ಕೊಟ್ಟವನಲ್ಲ. ಆ ಹೆಮ್ಮೆಗೆ ಕುತ್ತು ಬಂದದ್ದು ನಮ್ಮ ಅಚ್ಚಮ್ಮತ್ತೆಯಿಂದ.

ಅಚ್ಚಮ್ಮ ನನ್ನ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಹಿತ್ತಲಿನ ಬಿಸಿಲೊಂದನ್ನೇ ನೆಚ್ಚಿಕೊಂಡು, ಅಕ್ಕಿ ಹಪ್ಪಳ ಮಾಡಿ ಮಾರಿ ಬದುಕಿದವಳು. ಅವಳ ಹಪ್ಪಳ ಎಣ್ಣೆಗೆ ಬಿದ್ದರೆ ಬಾಣಲೆ ತುಂಬ ಅರಳುತ್ತದೆ, ಬಾಯಿಗಿಟ್ಟರೆ ಪಕ್ಕದ ಮನೆಗೆ ಸದ್ದು ಕೇಳುತ್ತದೆ. ನಾನು ಇರುವುದೂ ಅವಳ ಮನೆಯಲ್ಲೇ, ಉಣ್ಣುವುದೂ ಅವಳ ಕೈಯಡುಗೆಯನ್ನೇ. ಊರಿನಲ್ಲಿ ಹಪ್ಪಳದ ದೊಡ್ಡ ವ್ಯಾಪಾರ ರುದ್ರಶೆಟ್ಟರದು. ಅವರ ಶೆಡ್ಡಿನಲ್ಲಿ ಹಪ್ಪಳ ಒಣಗಿಸುವ ಯಂತ್ರವಿದೆ, ಕೂಲಿಗೆ ಬರುವ ಹೆಂಗಸರಿದ್ದಾರೆ, ಇಲ್ಲದ್ದು ಅತ್ತೆಯ ಕೈಹದ ಒಂದೇ. "ನಮ್ಮಲ್ಲಿ ಬಂದು ಒತ್ತಿ ಕೊಡಮ್ಮ" ಎಂದು ಶೆಟ್ಟರು ವರ್ಷ ವರ್ಷವೂ ಹೇಳಿ ಕಳಿಸುತ್ತಿದ್ದರು. "ನಾನು ಒತ್ತಿದ ಹಪ್ಪಳಕ್ಕೆ ಅವರ ಹೆಸರ್ಯಾಕೆ?" ಎಂದು ಅತ್ತೆ ವರ್ಷ ವರ್ಷವೂ ಬಂದವನಿಗೆ ಕಾಫಿ ಕೊಟ್ಟು ಕಳಿಸುತ್ತಿದ್ದಳು.

ಹೋದ ಮಳೆಗಾಲದಲ್ಲಿ ಪುರಸಭೆ ನಮ್ಮ ಹಿತ್ತಲಿನ ಬೆನ್ನಿಗೆ ಒಂದು ನೀರಿನ ಟ್ಯಾಂಕು ಎಬ್ಬಿಸಿತು. ಊರಿಗೆಲ್ಲ ನೀರು ಬಂತು, ನಮಗೂ ಬಂತು. ಅತ್ತೆ ಮೊದಲ ಬಿಂದಿಗೆಗೆ ಅರಿಶಿನ ಕುಂಕುಮ ಹಚ್ಚಿ ಒಳಗೆ ತಂದಳು. ಮಳೆಗಾಲದಲ್ಲಿ ಬಿಸಿಲನ್ನು ಹುಡುಕುವವರು ಯಾರು? ಸಂಕ್ರಾಂತಿ ಕಳೆದು ಹಪ್ಪಳದ ಕಾಲ ಬಂದಾಗಲೇ ಗೊತ್ತಾದದ್ದು, ಟ್ಯಾಂಕಿನ ನೆರಳು ಬೆಳಗಿನಿಂದ ಸಂಜೆಯ ತನಕ ನಮ್ಮ ಹಿತ್ತಲಿನ ಮೇಲೇ ಕೂತಿರುತ್ತದೆ ಎಂದು. ಸೂರ್ಯ ಮೂಡಣದಿಂದ ಪಡುವಣಕ್ಕೆ ಹೋದರೂ ನೆರಳು ಅಲ್ಲಾಡುವುದಿಲ್ಲ. ಪುರಸಭೆಯದು ಯಾವುದು ತಾನೇ ಒಂದು ಸಲ ಕೂತ ಮೇಲೆ ಅಲ್ಲಾಡಿದೆ.

ಹಳೇ ಪಂಚೆಯ ಮೇಲೆ ಹರಡಿದ ಹಪ್ಪಳ ದಿನಗಟ್ಟಲೆ ಮೆತ್ತಗೇ ಉಳಿದು ಬೂಷ್ಟು ಹಿಡಿಯಿತು. ಅತ್ತೆ ಒಂದನ್ನು ಎತ್ತಿ ಮೂಸಿ ನೋಡಿ, ಅಷ್ಟನ್ನೂ ಬಾಚಿ ಪಕ್ಕದ ಮನೆಯ ಹಸುವಿನ ಕಲಗಚ್ಚಿಗೆ ಹಾಕಿ ಬಂದಳು. ಅವತ್ತೇ ಶೆಟ್ಟರ ಕಡೆಯವನೂ ಬಂದ. ಅತ್ತೆ ಕಾಫಿ ಕೊಟ್ಟಳು, ಆದರೆ ಆಗಲ್ಲ ಅನ್ನಲಿಲ್ಲ. "ಎರಡು ದಿನ ಬಿಟ್ಟು ಹೇಳ್ತೀನಿ ಅನ್ನಪ್ಪ" ಅಂದಳು.

"ಅತ್ತೆ, ನಿಜವಾಗ್ಲೂ ಶೆಟ್ಟರ ಶೆಡ್ಡಿಗೆ ಹೋಗ್ತೀಯಾ?" ಎಂದೆ.

"ಬಿಸಿಲಿಲ್ದೆ ಇಲ್ಲಿ ಕೂತು ಏನ್ ಮಾಡ್ಲೋ? ನಿನ್ನ ಮುಖ ನೋಡ್ತಾ ಕೂತ್ರೆ ಹಪ್ಪಳ ಒಣಗತ್ತಾ?" ಅಂದವಳು ಹಿಟ್ಟಿನ ಪಾತ್ರೆ ಎಳೆದುಕೊಂಡು, "ನಿಮ್ಮ ಪುರಸಭೇಲಿ ಬಿಸಿಲು ಕೊಡ್ತಾರಾ?" ಎಂದು ಕೇಳಿದಳು.

"ಕೊಡ್ತಾರೆ. ಒಂದು ಮೊರ."

"ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ."

"ಅದು ಕಾನೂನು ಅತ್ತೆ. ಅದೂ ಅಷ್ಟು ಸುಲಭಕ್ಕೆ ಸಿಗಲ್ಲ. ಅಧ್ಯಕ್ಷರು ಇದ್ದಾರಲ್ಲ..."

"ಕಾನೂನು ಹೆಂಗಿದೆಯೋ ಹಂಗೆ ಹೇಳು. ನಿನ್ನ ಒಗ್ಗರಣೆ ಹಾಕ್ಬೇಡ."

ಹೇಳಿದೆ. ಹಸಿ ನಷ್ಟ, ಯೋಚನೆ, ಮೊರ, ನಾನು ಕೂಗುವ ತುಂಬಿತು, ಎಲ್ಲವನ್ನೂ ಹೇಳಿದೆ. ಅತ್ತೆ ಬೇಯಿಸಿದ ಹಿಟ್ಟನ್ನು ನಾದುತ್ತಲೇ ಕೇಳಿಸಿಕೊಂಡಳು. ನಾನು ಮುಗಿಸಿದಾಗ ಅವಳು ಹಿಟ್ಟಿಗೆ ಇನ್ನೆರಡು ಗುದ್ದು ಜಾಸ್ತಿ ಕೊಟ್ಟ ಹಾಗೆ ನನಗೆ ಕಂಡಿತು.

ಮಾರನೆಯ ದಿನ ಬೆಳಿಗ್ಗೆ ಅವಳು ತಟ್ಟೆಯೊಂದಕ್ಕೆ ಬಟ್ಟೆ ಮುಚ್ಚಿಕೊಂಡು ಕಚೇರಿಗೆ ಬಂದಳು. ಮನೆಯಲ್ಲಿ ನೀನು ತಾನು ಅಂದರೂ ಕಚೇರಿಯಲ್ಲಿ ಅವಳು ಅರ್ಜಿದಾರರು, ನಾನು ಮೊರದ ನೌಕರ. "ಬನ್ನಿ ಅಮ್ಮಾ" ಎಂದೆ. "ಬಂದೆ ಸ್ವಾಮಿ" ಅಂದಳು, ಮೂತಿ ಬಿಗಿ ಹಿಡಿದುಕೊಂಡು. ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಅಧ್ಯಕ್ಷರು ಜಗಲಿಯ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಅಂಗಳದ ತುಂಬ ಜನ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದರು. ನಮ್ಮಲ್ಲಿ ಕೆಲಸ ಆಗುವುದು ನಿಧಾನ, ಆದರೆ ಅಂಗಳದ ಬಿಸಿಲು ಚೆನ್ನಾಗಿದೆ ಎಂದು ಹೆಸರಿತ್ತು.

ಅತ್ತೆಯ ಮಾತು ಕೇಳಿದ ಅಧ್ಯಕ್ಷರು ಪೇಪರು ಮಡಿಸಿದರು. "ಏನಮ್ಮಾ, ಟ್ಯಾಂಕು ಎದ್ದಿದ್ದು ಮಳೆಗಾಲ್ದಲ್ಲಿ. ನೀವು ಬರ್ತಿರೋದು ಈಗ. ನಷ್ಟ ಒಣಗಿ ಎಷ್ಟು ಕಾಲ ಆಯ್ತು."

ಅತ್ತೆ ತಟ್ಟೆಯ ಬಟ್ಟೆ ತೆಗೆದಳು. "ಮುಟ್ಟಿ ನೋಡಿ ಸ್ವಾಮಿ."

ಅಧ್ಯಕ್ಷರು ಒಂದು ಹಪ್ಪಳವನ್ನು ಒತ್ತಿ ನೋಡಿದರು. ಅದು ಬೆರಳಿಗೆ ಅಂಟಿಕೊಂಡು ಮೇಲೆದ್ದು ಬಂತು.

"ಇನ್ನೂ ಹಸಿ. ಇದು ಒಣಗ್ಲಿಲ್ಲ ಅನ್ನೋದೇ ನನ್ನ ನಷ್ಟ. ಒಣಗಿದ್ರೆ ನಾನು ಇಲ್ಲಿಗ್ಯಾಕೆ ಬರ್ತಿದ್ದೆ?"

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಅಧ್ಯಕ್ಷರು ಬೆರಳನ್ನು ಪೇಪರಿಗೆ ಒರೆಸಿಕೊಂಡು ಎರಡನೆಯ ಹೊಸ್ತಿಲಿಗೆ ಬಂದು ನಿಂತರು. "ಆ ಟ್ಯಾಂಕನ್ನ ಯೋಚ್ನೆ ಮಾಡಿ ಕಟ್ಟಿದ್ದಮ್ಮ. ಇದೇ ಕುರ್ಚೀಲಿ ಕೂತು ಯೋಚ್ಸಿದೀನಿ. ಊರೆಲ್ಲ ನೋಡಿದೆ."

"ನಾನೂ ನೋಡಿದೀನಿ. ಏನಂತ ಯೋಚ್ನೆ ಮಾಡಿದ್ರಿ?"

"ನೀರು ಎಲ್ಲರ ಮನೆಗೂ ಹೆಂಗೆ ಹೋಗ್ಬೇಕು, ಕಂಬ ಎಷ್ಟು ಎತ್ತರ ಇರ್ಬೇಕು, ಪೈಪು ಎಲ್ಲಿ ಹಾಯ್ಬೇಕು..."

"ನನ್ನ ಹಿತ್ತಲು ನೆನಪಿಗೆ ಬಂದಿತ್ತಾ?"

ಬೋರಲಿಂಗಯ್ಯನವರಿಗೆ ಸುಳ್ಳು ಹೇಳಲು ಬರುವುದಿಲ್ಲ. ರಾಜಕೀಯದಲ್ಲಿ ಅವರು ಪುರಸಭೆಗಿಂತ ಮೇಲೆ ಹೋಗದೆ ಉಳಿದದ್ದೂ ಅದಕ್ಕೇ. "ನಿಮ್ಮ ಹಿತ್ತಲು ಯಾಕಮ್ಮ ನೆನಪಿಗೆ ಬರತ್ತೆ?" ಅಂದುಬಿಟ್ಟರು.

"ಹಂಗಾದ್ರೆ ನೀರನ್ನ ಯೋಚ್ಸಿ ಕೊಟ್ರಿ, ನೆರಳನ್ನ ಯೋಚ್ಸದೆ ಕೊಟ್ರಿ. ನೀರಿನ ಬಗ್ಗೆ ನಂದೇನೂ ತಕರಾರಿಲ್ಲ. ನಿಮ್ಮ ಹೆಸರು ಹೇಳಿ ದಿನಾ ಕುಡೀತೀನಿ."

ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ಸೂರಿನ ಹೆಂಚು ಎಣಿಸುವವನಂತೆ ಮೇಲೆ ನೋಡಿದೆ. ಅವರು ಕೆಟ್ಟ ಮನುಷ್ಯರೇನಲ್ಲ, ನಿಟ್ಟುಸಿರು ಬಿಟ್ಟು ತಗ್ಗಿದ ದನಿಯಲ್ಲೇ ಹೇಳಿದರು. "ನೋಡಮ್ಮಾ, ಕೇಳಿದೋರಿಗೆಲ್ಲ ಕೇಳಿದಷ್ಟು ಕೊಡ್ತಾ ಹೋದ್ರೆ ನಾಳೆ ಊರಿಗೆ ಏನು ಉಳಿಯತ್ತೆ? ಅದಕ್ಕೇ ಹಿರಿಯರು ಒಂದು ಮೊರ ಅಂತ ಮಾಡಿಟ್ಟಿದ್ದು. ಅಷ್ಟು ತಗೊಂಡು ಹೋಗಿ. ಮತ್ತೆ ಬರ್ಬೇಡಿ."

"ಒಂದೇ ಮೊರ ಕೊಡಿ ಸ್ವಾಮಿ. ಮತ್ತೆ ಬರಲ್ಲ."

ಬಿಸಿಲನ್ನು ತೆಂಗಿನ ಪೊರಕೆಯಲ್ಲಿ ಗುಡಿಸಿ ಮೊರಕ್ಕೆ ತುಂಬಬೇಕು. ಗುಡಿಸಿದ ಜಾಗಕ್ಕೆ ಮತ್ತೆ ಬಿಸಿಲು ಬೀಳುವುದಿಲ್ಲ, ಕೊಟ್ಟದ್ದು ಕೊಟ್ಟ ಹಾಗೆ. ಎಲ್ಲಿಂದ ಗುಡಿಸಬೇಕು ಎಂದು ಕಾನೂನಿನಲ್ಲಿ ಹೇಳಿಲ್ಲವಾದ್ದರಿಂದ ನಾನು ಅಧ್ಯಕ್ಷರ ಕುರ್ಚಿಯ ಸುತ್ತಲಿಂದಲೇ ಶುರು ಮಾಡಿದೆ. ಅವರು ಕಾಲು ಮೇಲೆತ್ತಿಕೊಂಡರು. ನಾಲ್ಕು ಸಲ ಪೊರಕೆ ಆಡಿಸುವಷ್ಟರಲ್ಲಿ ಮೊರದ ಅಂಚಿನವರೆಗೆ ಹಳದಿ ಬಿಸಿಲು ಬಂತು. ತುಂಬಿತು ಅನ್ನಲು ನಾನು ಬಾಯಿ ತೆರೆದೆ.

"ತಾಳಿ ಸ್ವಾಮಿ" ಅಂದಳು ಅತ್ತೆ. "ಕೇರ್ಬೇಕಲ್ಲ."

"ಏನು ಕೇರೋದು?" ಎಂದರು ಅಧ್ಯಕ್ಷರು.

"ಸೇರಲ್ಲಿ ಕೊಟ್ಟಿದ್ರೆ ಅಳೆಸ್ಕೊಂಡು ಹೋಗ್ತಿದ್ದೆ. ಮೊರದಲ್ಲಿ ಕೊಡ್ತಿದೀರಿ. ಮೊರಕ್ಕೆ ಹಾಕಿದ್ದನ್ನ ಕೇರದೆ ಎತ್ಕೊಂಡು ಹೋಗೋ ಹೆಂಗಸು ಎಲ್ಲಾದ್ರೂ ಇದಾಳಾ? ಹೊಟ್ಟು ಕಟ್ಕೊಂಡು ನಾನೇನ್ ಮಾಡ್ಲಿ?"

ಅಂಗಳದ ಹೆಂಗಸರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ನಮಗೆ ಆಗ ಹೊಳೆಯಿತು. ಈ ಕಾನೂನು ಮಾಡಿದ ಹಿರಿಯರೆಲ್ಲ ಗಂಡಸರು. ಮೊರವೆಂದರೆ ಅಳತೆಯ ಪಾತ್ರೆ ಎಂದುಕೊಂಡು ಕಾನೂನು ಮಾಡಿಟ್ಟಿದ್ದರು. ಅವರಲ್ಲಿ ಒಬ್ಬರೂ ಜನ್ಮದಲ್ಲಿ ಒಂದು ಹಿಡಿ ಅಕ್ಕಿ ಕೇರಿದವರಲ್ಲ. ಇಲ್ಲಿಯ ತನಕ ಮೊರ ಹಿಡಿದು ಪರಿಹಾರ ಒಯ್ದವರಿಗೂ ಅದು ನೆನಪಾಗಿರಲಿಲ್ಲ. ಅಧ್ಯಕ್ಷರು "ನೀನೇ ಕೇರಿ ಕೊಡಯ್ಯ" ಅಂದರು. ನನಗೆ ಬರುವುದಿಲ್ಲ ಎಂದು ನಿಜವನ್ನೇ ಹೇಳಿ ಮೊರವನ್ನು ಅತ್ತೆಯ ಕೈಗೆ ಕೊಟ್ಟೆ.

ಅತ್ತೆ ಸೆರಗು ಸಿಕ್ಕಿಸಿಕೊಂಡು ಕಾಲು ಅಗಲಿಸಿ ನಿಂತಳು. ಮೊರ ಮೇಲೆದ್ದು ಇಳಿಯತೊಡಗಿತು. ಒಂದೊಂದು ಸಲ ಎಗರಿಸಿದಾಗಲೂ ಬೆಳಕು ಹೊಟ್ಟಿನ ಹಾಗೆ ಹಾರಿ ಗೇಟಿನಾಚೆ ಬೀದಿಗೆ ಬಿತ್ತು. ಅಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದ ಸೊಪ್ಪಿನವನು ಇದ್ದಕ್ಕಿದ್ದಂತೆ ಝಗಝಗ ಹೊಳೆದು, ಕಣ್ಣುಜ್ಜಿಕೊಂಡು ಮುಂದೆ ಹೋದ. ಮೊರದಲ್ಲಿ ಉಳಿದದ್ದು ಕಾವು ಮಾತ್ರ. ಅದು ಕಣ್ಣಿಗೆ ಕಾಣುವುದಿಲ್ಲ. ಬೇಸಿಗೆಯ ಮಧ್ಯಾಹ್ನ ರಸ್ತೆಯ ಮೇಲೆ ಗಾಳಿ ನಡುಗುತ್ತದಲ್ಲ, ಮೊರದ ತಳದಲ್ಲಿ ಅಂಥದೇ ಒಂದಿಷ್ಟು ನಡುಗುತ್ತಿತ್ತು.

"ಹಾಕಿ ಸ್ವಾಮಿ, ಇನ್ನಷ್ಟು" ಅಂದಳು.

ನಾನು ಗುಡಿಸಿ ಹಾಕಿದೆ, ಅವಳು ಕೇರಿದಳು. ಜಗಲಿ ಪೂರ್ತಿ ಕತ್ತಲಾಯಿತು. ಅಧ್ಯಕ್ಷರು ಶಾಲು ತರಿಸಿ ಹೊದ್ದುಕೊಂಡರು. ಮೆಟ್ಟಿಲುಗಳ ಬಿಸಿಲು ಹೋಯಿತು, ಧ್ವಜದ ಕಟ್ಟೆಯ ಬಿಸಿಲು ಹೋಯಿತು. ಕೊನೆಗೆ ಅವರು ಎದ್ದು ಬಂದು ಕೇಳಿದರು. "ತುಂಬಿತೇನಯ್ಯಾ ವರದ?"

ನಾನು ಬಗ್ಗಿ ನೋಡಿದೆ. ಅಂಚಿನ ಮಟ್ಟಕ್ಕೆ ಕಣ್ಣಿಗೆ ಕಾಣುವಂತೆ ಬಂದರೆ ತುಂಬಿದ ಹಾಗೆ, ಅದು ನಿಯಮ. ನಾನು ತುಂಬಿತು ಅಂದರೆ ನನ್ನ ಕೆಲಸ ಉಳಿಯುತ್ತದೆ, ಅತ್ತೆ ಶೆಟ್ಟರ ಶೆಡ್ಡಿಗೆ ಹೋಗುತ್ತಾಳೆ. ಅಧ್ಯಕ್ಷರ ಕಣ್ಣು ನನ್ನ ಮೇಲಿತ್ತು. ಅತ್ತೆ ನನ್ನ ಕಡೆ ನೋಡಲೂ ಇಲ್ಲ. ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಳು.

"ಇನ್ನೂ ಇಲ್ಲ ಸಾರ್" ಎಂದೆ. "ತಳ ಕಾಣ್ತಾ ಇದೆ."

ಅವರೂ ಬಗ್ಗಿ ನೋಡಿದರು. ಬಿದಿರಿನ ಹೆಣಿಗೆ ಎಳೆ ಎಳೆಯಾಗಿ ಕಾಣುತ್ತಿತ್ತು. ಹಿಂದಕ್ಕೆ ಹೋಗಿ ಕತ್ತಲಲ್ಲಿ ಕೂತರು.

ನನಗೆ ಹುರುಪು ಬಂದುಬಿಟ್ಟಿತು. ಇಷ್ಟು ವರ್ಷ ಮೊರದ ಅಂಚಿಗೆ ಬೆರಳಿಟ್ಟು ಅಳೆದು ಅಳೆದು ಕೊಟ್ಟವನಿಗೆ ಅವತ್ತು ಕೊಡುವ ಹುಚ್ಚು ಹತ್ತಿತು. ಅಂಗಳದ ಅರ್ಧ ಗುಡಿಸಿದೆ, ಆಮೇಲೆ ಇನ್ನರ್ಧಕ್ಕೆ ಕೈ ಹಾಕಿದೆ. ಜನ ಎದ್ದೆದ್ದು ಹಿಂದಕ್ಕೆ ಸರಿದರು. ಕಡೆಗೆ ಕಲ್ಲುಬೆಂಚಿನ ಹತ್ತಿರ ಒಂದು ಚಾಪೆಯಷ್ಟು ಬಿಸಿಲು ಉಳಿಯಿತು. ಅದರಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು. ಪಿಂಚಣಿಗಾಗಿ ಅಲೆಯುತ್ತಿದ್ದ ಒಬ್ಬ ಮುದುಕರು, ಎಳೆ ಮಗುವನ್ನು ಎತ್ತಿಕೊಂಡ ಒಬ್ಬಳು ಬಾಣಂತಿ, ಇನ್ನೂ ಕೆಲವರು. ನಾನು ಪೊರಕೆ ಹಿಡಿದು ಅಲ್ಲಿಗೂ ಹೋದೆ. ಮುದುಕರು ನನಗೆ ಅಡ್ಡಿಯಾಗದಿರಲಿ ಎಂದು ಕೋಲನ್ನು ಪಕ್ಕಕ್ಕೆ ಸರಿಸಿಕೊಂಡು, ಬರಿಗಾಲುಗಳನ್ನು ಒಳಗೆಳೆದುಕೊಂಡರು.

"ಸಾಕು ಕಣೋ ವರದ" ಅಂದಳು ಅತ್ತೆ.

ಅವಳು ಕಚೇರಿಯ ಮಾತು ಬಿಟ್ಟು ಮನೆಯ ಮಾತಿಗೆ ಬಂದದ್ದು ನನಗೆ ತಡವಾಗಿ ತಿಳಿಯಿತು. ಮೊರದೊಳಗೆ ಕೈಯಿಟ್ಟು ಕಾವಿನ ಮಟ್ಟ ನೋಡಿ, "ಇನ್ನೂ ಕಾಲು ಮೊರ ಜಾಗ ಇದೆ ಅತ್ತೆ. ಅದು ನಿನ್ನ ಹಕ್ಕು" ಎಂದೆ.

"ಇದೆ, ನಂಗೇನು ಕಾಣಲ್ವಾ? ಅದನ್ನೂ ಬಾಚಿಬಿಟ್ರೆ ಅವರು ಎಲ್ಲಿ ಕೂತ್ಕೋಬೇಕು? ನಂಗೆ ಇಷ್ಟು ಸಾಕು. ತುಂಬಿತು ಅಂತ ಕೂಗು."

ಆ ಅಂಗಳದಲ್ಲಿ ನಾನು ಸಾಲದು ಅನ್ನುವುದನ್ನು ಕೇಳಿದ್ದೆ, ಅನ್ಯಾಯ ಅನ್ನುವುದನ್ನು ಕೇಳಿದ್ದೆ, ನನ್ನ ಅಪ್ಪ ಅಮ್ಮನನ್ನು ಬೈಯುವುದನ್ನೂ ಕೇಳಿದ್ದೆ. ಸಾಕು ಅನ್ನುವುದನ್ನು ಕೇಳಿರಲಿಲ್ಲ. ಕಣ್ಣು ತುಂಬಿ ಬಂತು. ತುಂಬದ ಮೊರವನ್ನು ನೋಡುತ್ತ ತುಂಬಿತು ಎಂದು ಕೂಗಿದೆ. ಕತ್ತಲ ಜಗಲಿಯಿಂದ ಅಧ್ಯಕ್ಷರು "ಆಯ್ತಮ್ಮಾ, ಹುಷಾರಾಗಿ ಹೋಗಿ" ಅಂದರು. ಅವರ ದನಿಯೂ ಯಾಕೋ ಸರಿಯಿರಲಿಲ್ಲ. ಚಳಿಗೂ ಇರಬಹುದು.

ಅದರ ಮಾರನೆಯ ದಿನವೇ ಅವರು ಮೊರ ತೆಗೆಸಿ, ಅದೇ ಮೊಳೆಗೆ ಒಂದು ಚೊಂಬು ಕಟ್ಟಿಸಿದರು. ಚೊಂಬಿನಲ್ಲಿ ಯಾರೂ ಕೇರಲಾರರು. ಪುರಸಭೆಗೆ ಹೋದವರಿಗೆ ಕಡೆಗೆ ಸಿಗುವುದು ಚೊಂಬೇ ಎಂದು ಜನ ಮುಂಚಿನಿಂದಲೂ ಅನ್ನುತ್ತಿದ್ದರು. ಈಗ ಅದು ಕಾನೂನಾಯಿತು, ಅಷ್ಟೇ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಚೊಂಬು ಹಿಡಿಯಲು ಬೇರೆ ಯಾರೂ ಒಪ್ಪಲಿಲ್ಲ.

ಅತ್ತೆ ಆ ಕಾವನ್ನು ಮಡಕೆಯಲ್ಲಿ ತುಂಬಿ ತಟ್ಟೆ ಮುಚ್ಚಿ ಇಟ್ಟಿದ್ದಾಳೆ. ಬೆಳಿಗ್ಗೆ ಒಂದು ಹಿಡಿ ತೆಗೆದು ಪಂಚೆಯ ಮೇಲೆ ಎರಚುತ್ತಾಳೆ, ಸಂಜೆ ಉಳಿದದ್ದನ್ನು ಗುಡಿಸಿ ಮಡಕೆಗೆ ಹಾಕುತ್ತಾಳೆ. ಹಿತ್ತಲು ನೆರಳಲ್ಲೇ ಇದೆ, ಮಬ್ಬುಗತ್ತಲಲ್ಲಿ ಹಪ್ಪಳದ ಅಂಚುಗಳು ಒಣಗಿ ಮೇಲೇಳುವ ಸಣ್ಣ ಸದ್ದು ಕೇಳುತ್ತದೆ. ಕತ್ತಲಲ್ಲಿ ಎಡವುತ್ತೀಯ ಎಂದರೆ "ಬೆಳಕು ಬೇಕಾದ್ರೆ ದೀಪ ಹಚ್ಕೋತೀನಿ" ಅನ್ನುತ್ತಾಳೆ. ಶೆಟ್ಟರ ಕಡೆಯವನು ಉತ್ತರ ಕೇಳಲು ಬಂದಾಗ ಕಾಫಿಯ ಜೊತೆ ಕರಿದ ಹಪ್ಪಳವನ್ನೂ ಕೊಟ್ಟಳು. ಅವನು ತಿಂದು, ಏನೂ ಕೇಳದೆ ಎದ್ದು ಹೋದ.

ಮೊನ್ನೆ ಮಡಕೆಯೊಳಗೆ ಕೈಯಿಟ್ಟು ನೋಡಿದೆ. ಕಾವು ಅರ್ಧಕ್ಕಿಂತ ಕೆಳಗಿಳಿದಿತ್ತು. ಅತ್ತೆ ಒಲೆಯ ಮುಂದೆ ಕೂತು ನನಗಾಗಿ ಹಪ್ಪಳ ಕರಿಯುತ್ತಿದ್ದಳು.

"ಅತ್ತೆ, ಇದು ಮುಗಿದ್ಮೇಲೆ ಏನ್ ಮಾಡ್ತೀಯೆ? ಮತ್ತೆ ಕೇಳೋ ಹಾಗಿಲ್ಲ."

"ಇನ್ನೊಂದೆರಡು ವರ್ಷಕ್ಕೆ ಮೋಸ ಇಲ್ಲ" ಎಂದು ಅವಳು ಬಾಣಲೆಯಿಂದ ಒಂದನ್ನು ತೆಗೆದು ನನ್ನ ತಟ್ಟೆಗೆ ಹಾಕಿದಳು. "ಅಷ್ಟರೊಳಗೆ ಆ ಟ್ಯಾಂಕು ತಾನಾಗೇ ಬಿದ್ದಿರತ್ತೆ ಬಿಡೋ. ಕಟ್ಟಿದ್ದು ನಿಮ್ಮ ಪುರಸಭೆಯೋರೇ ತಾನೆ?"

ಪುರಸಭೆಯ ನೌಕರನಾಗಿ ನಾನು ಅದಕ್ಕೆ ಏನಾದರೂ ಅನ್ನಬೇಕಿತ್ತು. ಬಾಯಿ ತುಂಬ ಹಪ್ಪಳ ಇತ್ತು.